ಬಿದಿರು ಬುಟ್ಟಿಗೆ ಲೇಸರ್ ತಳ, ಪ್ರಿಂಟ್ ಮಾಡಿದ ಹಲ್ಲುಬಿಲ್ಲೆ: ಅಳತೆಯಿಂದ ಬಾಯಿಕಟ್ಟಿನವರೆಗೆ

ಬುಟ್ಟಿ ಹೆಣೆಯುವ ಕೈಗೆ ಲೇಸರ್ ಕಟರ್, 3ಡಿ ಪ್ರಿಂಟರ್ ಯಂತ್ರಗಳಿಂದ ಸಿಗಬಹುದಾದ ಸಹಾಯ ಮೂರೇ ಕಡೆ: ತಳ, ಅಚ್ಚು, ಅಳತೆಗೋಲು. ಹೆಣಿಗೆ ಪೂರ್ತಿ ಕೈಯ ಕೆಲಸವಾಗಿಯೇ ಉಳಿಯುತ್ತದೆ, ಉಳಿಯಬೇಕು ಕೂಡ. ಒಂದೇ ಅಳತೆಯ ಐವತ್ತು ಬುಟ್ಟಿ ಬೇಕು, ಒಂದರೊಳಗೊಂದು ಕೂರಬೇಕು, ಮೇಜಿನ ಮೇಲೆ ಅಲುಗಾಡಬಾರದು ಎಂದು ಗಿರಾಕಿ ಕೇಳಿದಾಗ ಈ ವಿಧಾನ ಕೈಹಿಡಿಯುತ್ತದೆ. ಸಂತೆಗೆ ಹೋಗುವ ತರಕಾರಿ ಬುಟ್ಟಿಗೆ ಇದರ ಗೊಡವೆ ಬೇಡ. ಮೇದರು ತಳವನ್ನೂ ಬಿದಿರಿನಲ್ಲೇ ಹೆಣೆದು, ಅದೇ ಸೀಳುಗಳನ್ನು ಮೇಲಕ್ಕೆ ಬಾಗಿಸಿ ಗೋಡೆ ಎಬ್ಬಿಸುತ್ತಾರೆ. ಅದಕ್ಕಿಂತ ಬೇಗ, ಅದಕ್ಕಿಂತ ಅಗ್ಗವಾಗಿ ಯಾವ ಯಂತ್ರವೂ ಆ ಬುಟ್ಟಿ ಮಾಡಲಾರದು.

ಇಲ್ಲಿ ಹೇಳುವುದು ಮರದ ತಳದ ಬುಟ್ಟಿ. ತಳದ ಅಂಚಿನ ಸುತ್ತ ಒಂದು ಗಾಡಿ, ಅಂದರೆ ಸಪೂರ ತೋಡು, ಇರುತ್ತದೆ. ಪಟ್ಟಿಗಳ ತುದಿ ಅದರೊಳಗೆ ಹೋಗಿ ಕೂರುತ್ತದೆ. ಹೆಣಿಗೆ ಅಚ್ಚಿನ ಮೇಲೆ ನಡೆಯುತ್ತದೆ. ಅಮೆರಿಕದ ನ್ಯಾಂಟಕೆಟ್ ದ್ವೀಪದಲ್ಲಿ 19ನೇ ಶತಮಾನದಲ್ಲಿ ದೀಪದ ಹಡಗಿನ (ದೀಪಸ್ತಂಭದಂತೆ ದಾರಿ ತೋರಿಸಲು ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲಿಸಿದ ಹಡಗು) ಸಿಬ್ಬಂದಿ ಬೆತ್ತದಲ್ಲಿ ಹೆಣೆಯುತ್ತಿದ್ದ ಬುಟ್ಟಿಗಳ ರಚನೆ ಇದೇ. ಅವರು ತಳವನ್ನು ಕಡೆದು ಗಾಡಿ ಹೊಡೆಯುತ್ತಿದ್ದರು. ನಾವು ಮೂರು ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ ಅದೇ ಗಾಡಿ ಪಡೆಯುತ್ತೇವೆ.

ನೆಟ್ಟಗೆ ನಿಲ್ಲುವ ಅಗಲ ಸೀಳಿಗೆ ನಿಲುಪಟ್ಟಿ, ಸುತ್ತ ಹೆಣೆಯುವ ಸಪೂರ ಸೀಳಿಗೆ ಸುತ್ತುಪಟ್ಟಿ ಎಂದು ಮುಂದೆ ಕರೆಯೋಣ.

ಮೊದಲು ಸೀಳು, ಆಮೇಲೆ ಕಂಪ್ಯೂಟರ್

ಬಹುತೇಕ ಕೆಲಸ ಕೆಡುವುದು ಇಲ್ಲೇ. ಪರದೆಯ ಮೇಲೆ 1.5 ಮಿ.ಮೀ. ದಪ್ಪದ ಪಟ್ಟಿ ಬರೆದು, ಅದಕ್ಕೆ ಸರಿಯಾಗಿ ತಳ ಕತ್ತರಿಸಿ, ಕೊನೆಗೆ ಬಿದಿರು ತಂದರೆ ಆ ದಪ್ಪದ ಪಟ್ಟಿ ಲಂಬಕ್ಕೆ ಬಾಗುವುದಿಲ್ಲ, ಮುರಿಯುತ್ತದೆ. ಕೈಗೆ ಸಿಕ್ಕ ಬಿದಿರನ್ನು ಸೀಳಿ, ಹತ್ತು ಪಟ್ಟಿಗಳ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು, ಅವುಗಳಲ್ಲಿ ಅತಿ ದಪ್ಪನೆಯದನ್ನು ಲೆಕ್ಕಕ್ಕೆ ಹಿಡಿಯಿರಿ. ಸರಾಸರಿ ಹಿಡಿದರೆ ಅರ್ಧ ಪಟ್ಟಿಗಳು ಗಾಡಿಯೊಳಗೆ ಹೋಗುವುದೇ ಇಲ್ಲ.

ಹೆಣಿಗೆಗೆ ಒಂದೆರಡು ವರ್ಷದ ಎಳೆ ಬಿದಿರೇ ಸರಿ. ಬಲಿತದ್ದು ಕಟ್ಟಡಕ್ಕೆ ಒಳ್ಳೆಯದು, ಬಾಗಿಸಲು ಅಲ್ಲ. ನಿಲುಪಟ್ಟಿಯ ಉದ್ದ 26 ಸೆ.ಮೀ. ಬೇಕು, ಅದರೊಳಗೆ ಗೆಣ್ಣು ಬರಬಾರದು. ಹಾಗಾಗಿ ಗೆಣ್ಣಿಂದ ಗೆಣ್ಣಿಗೆ 30 ಸೆ.ಮೀ. ಮೇಲ್ಪಟ್ಟು ಇರುವ ಗಳವನ್ನೇ ಆರಿಸಿ. ಮಲೆನಾಡಿನ ಕಡೆ ಸಿಗುವ ವಾಟೆ ಬಿದಿರಿಗೆ ಗೆಣ್ಣುಗಳ ನಡುವೆ ದೂರ ಹೆಚ್ಚು, ಗೋಡೆ ತೆಳು. ಸುತ್ತುಪಟ್ಟಿಗೆ ಬಲು ಅನುಕೂಲ. ಬಯಲುಸೀಮೆಯ ಕಿರುಬಿದಿರಿನ ಗೋಡೆ ದಪ್ಪ. ಸೀಳಲು ಶ್ರಮ, ಆದರೆ ಬಾಯಿಕಟ್ಟಿಗೆ ಅದೇ ಚೆನ್ನ. ಮೈಸೂರಿನ ಬಂಬೂ ಬಜಾರಿನಂಥ ಕಡೆ ಇಡೀ ಗಳ ಕೊಳ್ಳುವಾಗ ಹಸಿಯೋ ಒಣಗಿದ್ದೋ ಎಂದು ಕೇಳಿಕೊಳ್ಳಿ. ಒಣಗಿದ ಗಳದಿಂದ ತೆಳು ಸೀಳು ತೆಗೆಯುವುದು ಕಷ್ಟ. ನೀರಿನಲ್ಲಿ ಎರಡು ಮೂರು ದಿನ ನೆನೆಸಿಟ್ಟರೂ ಹಸಿಯದರಷ್ಟು ಚೆನ್ನಾಗಿ ಬರುವುದಿಲ್ಲ.

ಬೇಕಾದ ಸೀಳುಗಳು: ನಿಲುಪಟ್ಟಿ 39, ಜೊತೆಗೆ ಮುರಿದು ಹೋಗುವುದಕ್ಕೆಂದು ಇನ್ನೊಂದು 10. ದಪ್ಪ 1 ಮಿ.ಮೀ., ಹೊರಮೈ ಕಡೆಯ ಪದರದಿಂದಲೇ ತೆಗೆದದ್ದು. ನಾರು ಒತ್ತಾಗಿರುವುದು ಅಲ್ಲೇ. ಸುತ್ತುಪಟ್ಟಿ ಒಟ್ಟು ಸುಮಾರು 35 ಮೀಟರ್, ಅಗಲ 3 ಮಿ.ಮೀ., ದಪ್ಪ ಅರ್ಧ ಮಿ.ಮೀ. ಅದರಲ್ಲಿ ಮೊದಲ ಐದಾರು ಸುತ್ತಿಗೆ ಸಾಕಾಗುವಷ್ಟು, ಅಂದರೆ 3 ಮೀಟರಿನಷ್ಟು, 2 ಮಿ.ಮೀ. ಅಗಲದ್ದು ಬೇರೆ ಇಟ್ಟುಕೊಳ್ಳಿ. 

ಹುಳು ಹಿಡಿಯದಂತೆ 10 ಲೀಟರ್ ನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಸೀಳುಗಳನ್ನು ಒಂದು ದಿನ ಮುಳುಗಿಸಿಡಬಹುದು. ಬ್ರೆಡ್ಡು, ರೊಟ್ಟಿ, ಹಣ್ಣು ನೇರವಾಗಿ ಇಡುವ ಬುಟ್ಟಿಗೆ ಇದು ಬೇಡ. ಅಂಥದ್ದಕ್ಕೆ ಬರಿಯ ನೀರಿನಲ್ಲಿ ಒಂದು ವಾರ ನೆನೆಸಿ, ದಿನಾ ನೀರು ಬದಲಿಸಿ ಒಣಗಿಸಿದರೆ ಪಿಷ್ಟದ ಅಂಶ ಸಾಕಷ್ಟು ಇಳಿಯುತ್ತದೆ. ಹುಳುವಿಗೆ ಬೇಕಾದದ್ದು ಅದೇ.

ಲೆಕ್ಕ

ಉದಾಹರಣೆಯ ಬುಟ್ಟಿ: ತಳದ ವ್ಯಾಸ 160, ಬಾಯಿ 260, ಎತ್ತರ 170 ಮಿ.ಮೀ.

ತಳದ ಸುತ್ತಳತೆ 3.14 × 160, ಅಂದರೆ 502. ನಿಲುಪಟ್ಟಿಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 13 ಮಿ.ಮೀ. ಇದ್ದರೆ ಹೆಣಿಗೆ ಬಿಗಿಯಾಗಿ ಬರುತ್ತದೆ. 502ನ್ನು 13ರಿಂದ ಭಾಗಿಸಿದರೆ 38.6. ಇಲ್ಲಿ 38 ಹಿಡಿಯಬೇಡಿ, 39 ಹಿಡಿಯಿರಿ. ಸಂಖ್ಯೆ ಬೆಸವಾಗಿದ್ದರೆ ಒಂದೇ ಸುತ್ತುಪಟ್ಟಿ ಎಡೆಬಿಡದೆ ಸುತ್ತುತ್ತಾ ಹೋದರೂ ಪ್ರತಿ ಸುತ್ತಿನಲ್ಲಿ ಮೇಲು–ಕೆಳಗು ತಾನಾಗಿ ಅದಲು ಬದಲಾಗುತ್ತದೆ. ಸಮಸಂಖ್ಯೆಯಾದರೆ ಎರಡನೇ ಸುತ್ತು ಮೊದಲನೆಯದರ ನಕಲಾಗಿ ಕೂತುಬಿಡುತ್ತದೆ. ಆಗ ಎರಡು ಪಟ್ಟಿಗಳನ್ನು ಒಂದರ ಹಿಂದೊಂದು ಓಡಿಸಬೇಕು. 39ಕ್ಕೆ ಇನ್ನೊಂದು ಅನುಕೂಲವೂ ಇದೆ: ಮೂರರಿಂದ ಭಾಗವಾಗುತ್ತದೆ. ಅಚ್ಚು ಮಾಡುವಾಗ ಇದು ಉಪಯೋಗಕ್ಕೆ ಬರುತ್ತದೆ.

ಬಾಯಿಯ ಹತ್ತಿರ ಸುತ್ತಳತೆ 816. ಅಲ್ಲಿ ಮಧ್ಯದಿಂದ ಮಧ್ಯಕ್ಕೆ 21 ಮಿ.ಮೀ. ಆಗುತ್ತದೆ. ನಿಲುಪಟ್ಟಿ ಬುಡದಿಂದ ತುದಿವರೆಗೆ ಒಂದೇ ಅಗಲ ಇದ್ದರೆ ಮೇಲೆ ಹೆಣಿಗೆ ಸಡಿಲಾಗಿ ಜೋಲುತ್ತದೆ. ಅದಕ್ಕೆ ಬುಡದಲ್ಲಿ 7, ತುದಿಯಲ್ಲಿ 11 ಮಿ.ಮೀ. ಬರುವಂತೆ ಪಟ್ಟಿಯನ್ನು ಓರೆಯಾಗಿ ಕೆತ್ತಬೇಕು. ಆಗ ಖಾಲಿ ಜಾಗ ತಳದಲ್ಲಿ 6, ಬಾಯಿಯಲ್ಲಿ 10 ಮಿ.ಮೀ. ಉಳಿಯುತ್ತದೆ, ಎರಡೂ ಹೆಣೆಯಲು ಸರಿಹೋಗುತ್ತವೆ.

ಈ ಲೆಕ್ಕವನ್ನು ಓಪನ್‌ಎಸ್‌ಕ್ಯಾಡ್‌ನಲ್ಲಿ (ಅಳತೆಗಳನ್ನು ಪ್ರೋಗ್ರಾಂ ಆಗಿ ಬರೆದು ಆಕಾರ ಪಡೆಯುವ ಸಾಫ್ಟ್‌ವೇರ್) ಬರೆದಿಟ್ಟುಕೊಂಡರೆ ಮುಂದಿನ ಅಳತೆಗೆ ಹೊಸ ಚಿತ್ರ ಬರೆಯುವ ಕೆಲಸವಿಲ್ಲ. ಫೈಲಿನ ಮೊದಲಿಗೆ ಆರು ಹೆಸರು ಬರೆದು ಬೆಲೆ ಕೊಡಿ: ತಳದ ವ್ಯಾಸ, ಬಾಯಿ ವ್ಯಾಸ, ಎತ್ತರ, ಪಟ್ಟಿಗಳ ಸಂಖ್ಯೆ, ಪಟ್ಟಿಯ ಬುಡದ ಅಗಲ, ಪಟ್ಟಿಯ ದಪ್ಪ. ಉಳಿದ ಎಲ್ಲ ಆಕಾರವೂ ಈ ಆರರಿಂದಲೇ ಹುಟ್ಟಬೇಕು. ಎಲ್ಲೂ ನೇರವಾಗಿ 160 ಎಂದು ಬರೆಯಬೇಡಿ. ಲೇಸರ್‌ಗೆ ಹೋಗುವುದನ್ನು ಡಿಎಕ್ಸ್‌ಎಫ್ ಅಥವಾ ಎಸ್‌ವಿಜಿ ಆಗಿ, ಪ್ರಿಂಟರ್‌ಗೆ ಹೋಗುವುದನ್ನು ಎಸ್‌ಟಿಎಲ್ ಆಗಿ ಉಳಿಸಿ, ಇವು ಫೈಲಿನ ಬಗೆಗಳು. ಪ್ರೋಗ್ರಾಂ ಬರೆದು ಅಭ್ಯಾಸವಿಲ್ಲದವರು ಬಿಲ್ಲೆ, ಬಳೆಗಳನ್ನು ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲೇ ಬರೆಯಬಹುದು, ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೇ.

ತಳದ ಮೂರು ಬಿಲ್ಲೆ

ಒಳಬಿಲ್ಲೆ: 3 ಮಿ.ಮೀ. ಪ್ಲೈ, ವ್ಯಾಸ 156, ಲೇಸರ್‌ನಲ್ಲಿ ಕತ್ತರಿಸಿದ್ದು. ಬುಟ್ಟಿಯೊಳಗೆ ಕಾಣುವುದು ಇದೇ.

ಹಲ್ಲುಬಿಲ್ಲೆ: 1.2 ಮಿ.ಮೀ. ದಪ್ಪ, ಪ್ರಿಂಟ್ ಮಾಡಿದ್ದು. ಮಧ್ಯದ ಗಟ್ಟಿ ಭಾಗದ ವ್ಯಾಸ 130, ಅದರಿಂದ ಹೊರಕ್ಕೆ 154ರವರೆಗೆ 39 ಹಲ್ಲು. ಎರಡು ಹಲ್ಲುಗಳ ನಡುವಿನ ಸಂದಿಗೆ ಒಂದು ನಿಲುಪಟ್ಟಿ. ಒಂದು ಸಂದಿಯಿಂದ ಮುಂದಿನದಕ್ಕೆ 9.23 ಡಿಗ್ರಿ.

ಹೊರಬಿಲ್ಲೆ: 3 ಮಿ.ಮೀ. ಪ್ಲೈ, ವ್ಯಾಸ 160. ಮೇಜಿಗೆ ತಾಗುವುದು ಇದು.

ಮೂರಕ್ಕೂ ನಡುವೆ ಎಂ6 (6 ಮಿ.ಮೀ. ದಪ್ಪದ) ಬೋಲ್ಟ್ ಹೋಗುವ ತೂತು. ಲೇಸರ್ ಕಿರಣವೇ ಒಂದಿಷ್ಟು ಮರವನ್ನು ಸುಟ್ಟುಕೊಂಡು ಹೋಗುವುದರಿಂದ 6 ಎಂದು ಬರೆದ ತೂತು 6.2 ಆಗಿ ಬರುತ್ತದೆ. ಬೋಲ್ಟಿಗೆ ಅದು ಸಾಕು.

ಹಲ್ಲುಬಿಲ್ಲೆಯನ್ನು ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿ. ಪಿಎಲ್‌ಎ ಎಂಬ ಇನ್ನೊಂದು ಪ್ಲಾಸ್ಟಿಕ್ 60 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಬುಟ್ಟಿ ಬಿಟ್ಟರೆ ಹಲ್ಲು ವಾಲುತ್ತದೆ. ಪದರ 0.2 ಮಿ.ಮೀ., ಒಟ್ಟು ಆರು ಪದರ, ಒಳಗೆ ಪೂರ್ತಿ ತುಂಬಿದ್ದು. ಮೊದಲ ಪದರ ಪ್ರಿಂಟರಿನ ಬೆಡ್‌ಗೆ (ತಟ್ಟೆಗೆ) ಒತ್ತಿಕೊಂಡು ಅಗಲವಾಗುವುದರಿಂದ ಸಂದಿ ಕಿರಿದಾಗುತ್ತದೆ. ಪಟ್ಟಿ 7 ಇದ್ದರೆ ಸಂದಿಯನ್ನು 7.4 ಬರೆಯಿರಿ. ಇಡೀ ಬಿಲ್ಲೆ ಪ್ರಿಂಟ್ ಮಾಡುವ ಮೊದಲು ಮೂರು ಸಂದಿಯ ತುಣುಕೊಂದನ್ನು ತೆಗೆದು ಪಟ್ಟಿ ತೂರಿಸಿ ನೋಡಿ. ಬೆರಳಲ್ಲಿ ಒತ್ತಿದರೆ ಒಳಹೋಗಬೇಕು, ತಲೆಕೆಳಗು ಮಾಡಿದರೆ ಬೀಳಬಾರದು.

ಲೇಸರ್ ಅಂಗಡಿಯಲ್ಲಿ

ಊರೂರಿನ ನೇಮ್‌ಪ್ಲೇಟ್, ಟ್ರೋಫಿ ಅಂಗಡಿಗಳಲ್ಲಿ ಇರುವ ಸಿಒ2 ಲೇಸರ್ ಈ ಕೆಲಸಕ್ಕೆ ಸಾಕು. ಅವರು ಸಾಮಾನ್ಯವಾಗಿ ಕೋರೆಲ್‌ಡ್ರಾ ಎಂಬ ಇನ್ನೊಂದು ಚಿತ್ರದ ಸಾಫ್ಟ್‌ವೇರಿನಲ್ಲಿ ಫೈಲು ತೆರೆಯುತ್ತಾರೆ, ಅಳತೆ ತಪ್ಪುವುದು ಆಗಲೇ. ಇಂಕ್‌ಸ್ಕೇಪ್ 0.92ರಿಂದ ಇಂಚಿಗೆ 96 ಪಿಕ್ಸೆಲ್ ಲೆಕ್ಕ, ಅದಕ್ಕಿಂತ ಹಿಂದೆ 90. ಈ ಎರಡು ಲೆಕ್ಕ ಬೆರೆತರೆ 160ರ ಬಿಲ್ಲೆ 150 ಆಗಿಯೋ 171 ಆಗಿಯೋ ಹೊರಬರುತ್ತದೆ. ಚಿತ್ರದ ಮೂಲೆಯಲ್ಲಿ 100 ಮಿ.ಮೀ. ಚೌಕವೊಂದನ್ನು ಬರೆದಿಟ್ಟು, ಕತ್ತರಿಸುವ ಮುಂಚೆ ಅವರ ಪರದೆಯ ಮೇಲೆ ಅದರ ಅಳತೆ ಓದಿಸಿ. ಡಿಎಕ್ಸ್‌ಎಫ್ ಕೊಟ್ಟರೆ ಅಳತೆ ಮಿ.ಮೀ.ನಲ್ಲಿದೆ ಎಂದು ಬಾಯಿಬಿಟ್ಟು ಹೇಳಿ.

ಪ್ಲೈ ವಿಚಾರ. ಅಂಗಡಿಯಲ್ಲಿ 4 ಮಿ.ಮೀ. ಎಂದು ಕೊಡುವುದು ಅಳೆದರೆ 3.6, 3.7 ಬರುವುದುಂಟು. ಮರೈನ್ ಪ್ಲೈಯ ಕಪ್ಪು ಅಂಟು ಲೇಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ; ಅಂಚು ಇದ್ದಿಲಾಗುತ್ತದೆ, ಕೆಲವೆಡೆ ಕತ್ತರಿಸುವುದೇ ಇಲ್ಲ. ಬರ್ಚ್ ಪ್ಲೈ ಚೊಕ್ಕವಾಗಿ ಬರುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ಒದ್ದೆ ಹೆಣಿಗೆಯ ನೀರು ತಾಗಿದರೆ ಉಬ್ಬುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಪಿವಿಸಿ ಶೀಟನ್ನಂತೂ ಲೇಸರ್‌ಗೆ ಕೊಡಲೇಬೇಡಿ. ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಮನುಷ್ಯರಿಗೂ ಯಂತ್ರಕ್ಕೂ ಕೆಡುಕು.

ಕತ್ತರಿಸಿದ ಮೇಲೆ ಎರಡು ಕೆಲಸ. ಒಳಬಿಲ್ಲೆಯ ಹೊರ ಅಂಚನ್ನು 120 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿ, ಉಗುರಿನ ಅಂಚಿನಷ್ಟು ನುಣುಪಾಗಬೇಕು. ಲೇಸರ್ ಬಿಡುವ ಚೂಪು ಅಂಚಿನ ಮೇಲೆ ನಿಲುಪಟ್ಟಿ ಬಾಗಿಸಿದರೆ ನಾರು ಅಲ್ಲೇ ತುಂಡಾಗುತ್ತದೆ. ಎರಡನೆಯದು, ಸುಟ್ಟ ಕರಿಯನ್ನು ಪೂರ್ತಿ ಉಜ್ಜಿ ತೆಗೆದು ಅಂಚಿಗೆ ಒಂದು ಕೋಟ್ ವಾರ್ನಿಷ್. ಕರಿ ಉಳಿದರೆ ಒದ್ದೆ ಬಿದಿರಿಗೆ ಹತ್ತಿಕೊಂಡು ಬುಟ್ಟಿಯ ಬುಡದಲ್ಲಿ ಬೂದು ಪಟ್ಟೆ ಮೂಡುತ್ತದೆ, ಮತ್ತೆ ಹೋಗುವುದಿಲ್ಲ.

ಅಚ್ಚು

ಅಚ್ಚನ್ನೂ ಪ್ರಿಂಟ್ ಮಾಡೋಣ ಎನ್ನಿಸುವುದು ಸಹಜ. ಬೇಡ. 220 ಮಿ.ಮೀ. ಬೆಡ್ಡಿನ ಪ್ರಿಂಟರಿನಲ್ಲಿ ಅದನ್ನು ನಾಲ್ಕು ಹೋಳಾಗಿ ತೆಗೆಯಬೇಕು, ಅರ್ಧ ಕಿಲೋಗಿಂತ ಹೆಚ್ಚು ಪ್ಲಾಸ್ಟಿಕ್ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಮುಚ್ಚಿದ ಮೈಯ ಮೇಲೆ ಒದ್ದೆ ಬಿದಿರು ಒಳಮಗ್ಗುಲಿಂದ ಒಣಗುವುದಿಲ್ಲ. ಮಳೆಗಾಲದಲ್ಲಿ ಎರಡೇ ದಿನಕ್ಕೆ ಕಪ್ಪು ಬೂಷ್ಟು. ಗಾಳಿ ಆಡುವ ಪ್ಲೈ ಅಚ್ಚು ಒಳ್ಳೆಯದು.

4 ಮಿ.ಮೀ. ಪ್ಲೈಯಲ್ಲಿ 13 ಪಕ್ಕೆಹಲಗೆ, 5 ಬಳೆ, ಮೇಲೊಂದು ಮುಚ್ಚಳ ಬಿಲ್ಲೆ ಕತ್ತರಿಸಿ. ಮುಚ್ಚಳ ಬಿಲ್ಲೆ 150 ವ್ಯಾಸದ್ದು, ಬೋಲ್ಟ್ ತೂತು ಅದಕ್ಕೂ ಬೇಕು. ತಳದಿಂದ 30, 70, 110, 150, 190 ಮಿ.ಮೀ. ದೂರದಲ್ಲಿ ಬರುವ ಬಳೆಗಳ ಹೊರವ್ಯಾಸ ಕ್ರಮವಾಗಿ 174, 199, 223, 248, 272. ಬುಟ್ಟಿಯ ಎತ್ತರ 170 ಆದರೂ ಅಚ್ಚು 190 ಇರಬೇಕು, ಪಟ್ಟಿಗಳ ಹೆಚ್ಚುವರಿ ತುದಿಗೆ ಆಸರೆಯಾಗಿ. ಪಕ್ಕೆಹಲಗೆಗೂ ಬಳೆಗೂ ಅರ್ಧರ್ಧ ಗಾಡಿ ಹಾಕಿ ಒಂದಕ್ಕೊಂದು ಸಿಕ್ಕಿಸಬೇಕು. ಗಾಡಿಯ ಅಗಲ ಎಷ್ಟಿರಬೇಕೆಂದು ಊಹಿಸಬೇಡಿ: ಅದೇ ಪ್ಲೈಯ ಚೂರಿನ ಮೇಲೆ 3.4, 3.5, 3.6, 3.7, 3.8 ಎಂದು ಐದು ಗಾಡಿ ಕತ್ತರಿಸಿ, ಕೈಯಲ್ಲಿ ತಟ್ಟಿದರೆ ಕೂರುವುದನ್ನು ಆರಿಸಿ.

ಪಕ್ಕೆಹಲಗೆ 13 ಏಕೆಂದರೆ 39ರ ಮೂರನೇ ಒಂದು ಭಾಗ ಅಷ್ಟು. ಪ್ರತಿ ಮೂರನೇ ನಿಲುಪಟ್ಟಿ ಒಂದು ಪಕ್ಕೆಹಲಗೆಯ ಮೇಲೆ ನೇರವಾಗಿ ಮಲಗುತ್ತದೆ. ಹೆಣೆಯುವಾಗ ಸುತ್ತುಪಟ್ಟಿ ಎಳೆದ ಕಡೆಗೆ ನಿಲುಪಟ್ಟಿಗಳೆಲ್ಲ ವಾಲುವುದು ಸಾಮಾನ್ಯ, ವಾಲಿದ್ದು ಗೊತ್ತಾಗುವ ಹೊತ್ತಿಗೆ ಇಪ್ಪತ್ತು ಸುತ್ತು ಮುಗಿದಿರುತ್ತದೆ. ಈ ಅಚ್ಚಿನಲ್ಲಿ ಪಟ್ಟಿ ಪಕ್ಕೆಹಲಗೆಯಿಂದ ಜಾರಿದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ಪಕ್ಕೆಹಲಗೆಗಳಿಗೆ 1ರಿಂದ 13ರವರೆಗೆ ನಂಬರನ್ನು ಲೇಸರ್‌ನಲ್ಲೇ ಕೆತ್ತಿಸಿಬಿಡಿ.

ಪಟ್ಟಿ ಕೆತ್ತುವ ಓರೆ ಹಲಗೆ

ನಿಲುಪಟ್ಟಿಗೆ 7ರಿಂದ 11ರ ಓರೆ ಒಂದೊಂದಾಗಿ ಕೆತ್ತುವುದು ತಾಳ್ಮೆಗೆಡಿಸುವ ಕೆಲಸ. ಆ ಆಕಾರದ ಎರಡು ಹಲಗೆ ತುಂಡು ಕತ್ತರಿಸಿಕೊಳ್ಳಿ. ಬುಡದ 15 ಮಿ.ಮೀ. ಸಮನಾಗಿ 7, ಅಲ್ಲಿಂದ ಮೇಲೆ ಓರೆ. 11 ಮಿ.ಮೀ. ಅಗಲಕ್ಕೆ ಸೀಳಿದ ಹತ್ತು ಪಟ್ಟಿಗಳನ್ನು ಈ ಎರಡರ ನಡುವೆ ಒತ್ತಿ ಕ್ಲಾಂಪ್ ಹಾಕಿ, ಹಲಗೆಗೆ ಸಮವಾಗುವವರೆಗೆ ಚಿಕ್ಕ ಹತ್ತರಿ ಆಡಿಸಿ. ಹಲಗೆ ತುಂಡು ಪ್ಲೈಯದೇ ಇರಲಿ, ಪ್ರಿಂಟ್ ಮಾಡಿದ್ದನ್ನು ಹತ್ತರಿ ತಿಂದುಹಾಕುತ್ತದೆ.

ಸುತ್ತುಪಟ್ಟಿಯ ಅಗಲಕ್ಕೆ ಪ್ರಿಂಟ್ ಮಾಡಿದ ಗೂಡು ಸಾಕು: ಕಟರ್ ಬ್ಲೇಡಿನ ಎರಡು ತುಂಡನ್ನು 3 ಮಿ.ಮೀ. ಅಂತರದಲ್ಲಿ ಹಿಡಿದು ನಿಲ್ಲಿಸುವಂಥದ್ದು, ಹಲಗೆಗೆ ಸ್ಕ್ರೂ ಮಾಡಿ. ಒದ್ದೆ ಸೀಳನ್ನು ಅದರ ನಡುವೆ ಎಳೆದರೆ ಎರಡೂ ಅಂಚು ಒಮ್ಮೆಗೇ ಸಮವಾಗುತ್ತದೆ. ಕೈಗೆ ದಪ್ಪ ಗವಸು ಹಾಕಿಕೊಳ್ಳಿ. ಬಿದಿರಿನ ಅಂಚು ಬ್ಲೇಡಿಗೇನೂ ಕಡಿಮೆಯಲ್ಲ.

ಜೋಡಣೆ

ನಿಲುಪಟ್ಟಿಯ ಬುಡದ 15 ಮಿ.ಮೀ.ನಲ್ಲಿ ಹೊರಮೈಯ ಹಸಿರು ಹೊಳಪನ್ನು ಕೆರೆದು ತೆಗೆಯಿರಿ. ಆ ಹೊಳಪಿಗೆ ಯಾವ ಅಂಟೂ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಬಿಲ್ಲೆಯ ಎರಡೂ ಮೈ ಉಪ್ಪುಕಾಗದದಲ್ಲಿ ಒರಟು ಮಾಡಿ. ಬಿಳಿ ಫೆವಿಕಾಲ್ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ, ಇಲ್ಲಿ ಎಪಾಕ್ಸಿ ಬೇಕು. ನಿಧಾನವಾಗಿ ಗಟ್ಟಿಯಾಗುವ ಬಗೆಯದು, ಯಾಕೆಂದರೆ 39 ಪಟ್ಟಿ ಕೂರಿಸಲು ಹೊತ್ತು ಹಿಡಿಯುತ್ತದೆ.

ಹೊರಬಿಲ್ಲೆ ಕೆಳಗೆ, ಅದರ ಮೇಲೆ ಹಲ್ಲುಬಿಲ್ಲೆ ಅಂಟಿಸಿ, ಸಂದಿಗಳಲ್ಲಿ ಪಟ್ಟಿಗಳನ್ನು ಒಣಗಿದ್ದಾಗಲೇ ಕೂರಿಸಿ, ಹೊಳಪು ಮೈ ಹೊರಬಿಲ್ಲೆಯ ಕಡೆಗೆ. ಬಾಗಿಸಿದಾಗ ಹೊಳಪು ಹೊರಗೆ ಬರಬೇಕು. ತಿರುಗುಮುರುಗಾದರೆ ಒಳಪದರ ಹೊರಬಾಗಿನಲ್ಲಿ ಸಿಬಿರೆದ್ದು ಬಿರಿಯುತ್ತದೆ. ಮೇಲೆ ಒಳಬಿಲ್ಲೆ ಇಟ್ಟು, ಬೋಲ್ಟ್ ಬಿಗಿದು, ನಾಲ್ಕು ಕಡೆ ಕ್ಲಾಂಪ್ ಹಾಕಿ 24 ಗಂಟೆ ಬಿಡಿ. ಕ್ಲಾಂಪ್ ತೆಗೆದ ಮೇಲೆ ಕೆಳಗಿಂದ ನಾಲ್ಕು ಪುಟ್ಟ ಸ್ಕ್ರೂ ಹಾಕಿದರೆ ನಿಶ್ಚಿಂತೆ, 6 ಮಿ.ಮೀ.ಗಿಂತ ಉದ್ದದ್ದಾದರೆ ಬುಟ್ಟಿಯೊಳಗೆ ಮೊನೆ ಕಾಣುತ್ತದೆ.

ಈಗ ಇದು ಕಿರಣ ಚಾಚಿದ ಸೂರ್ಯನಂತೆ ಚಪ್ಪಟೆಯಾಗಿದೆ. ಬಕೆಟ್ಟಿನಲ್ಲಿ ಮುಳುಗಿಸಬೇಡಿ, ಪ್ಲೈ ನೀರು ಕುಡಿಯುತ್ತದೆ. ಪಟ್ಟಿಗಳ ಮೇಲೆ ಮಾತ್ರ ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಟ್ಟು, ಅಚ್ಚಿನ ಮೇಲೆ ಬೋರಲು ಕೂರಿಸಿ, ಬೋಲ್ಟಿಗೆ ಒಳಗಿಂದ ನಟ್ ಬಿಗಿಯಿರಿ. ಪಟ್ಟಿಗಳನ್ನು ಎದುರುಬದುರಾಗಿ ಎರಡೆರಡೇ ಕೆಳಗೆ ಬಾಗಿಸುತ್ತಾ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು ಹಿಡಿಯಿರಿ. ಒಂದೇ ಕಡೆಯಿಂದ ಸಾಲಾಗಿ ಬಾಗಿಸಿದರೆ ಅಚ್ಚು ಒಂದು ಬದಿಗೆ ಸರಿಯುತ್ತದೆ. ಚಟ್ ಎಂದು ಸದ್ದು ಬಂದರೆ ನಿಲ್ಲಿಸಿ, ಇನ್ನಷ್ಟು ನೀರು ಚಿಮುಕಿಸಿ ಹತ್ತು ನಿಮಿಷ ಕಾಯಿರಿ.

ಹೆಣಿಗೆ

ಶುರು 2 ಮಿ.ಮೀ. ಪಟ್ಟಿಯಿಂದ, ಅದರ ತುದಿಯನ್ನು ಒಂದು ಗೇಣು ಉದ್ದಕ್ಕೆ ಇನ್ನೂ ಸಪೂರ ಮಾಡಿಕೊಂಡು. ಒಂದು ಮೇಲೆ ಒಂದು ಕೆಳಗೆ. ಮೊದಲ ಐದಾರು ಸುತ್ತು ಬಿಗಿಯಾಗಿ ತಳದಂಚಿಗೆ ಒತ್ತಿ ಕೂತರೆ ಉಳಿದ ಬುಟ್ಟಿ ಸುಲಭ. ಪಟ್ಟಿ ಮುಗಿದಾಗ ಹೊಸದನ್ನು ಹಳೆಯದರ ಮೇಲೆ ನಾಲ್ಕು ನಿಲುಪಟ್ಟಿಗಳಷ್ಟು ದೂರ ಜೋಡಿಯಾಗಿ ಓಡಿಸಿ. ಎರಡರ ತುದಿಯನ್ನೂ ಅರ್ಧ ದಪ್ಪಕ್ಕೆ ಕೆರೆದಿದ್ದರೆ ಉಬ್ಬು ಕಾಣುವುದಿಲ್ಲ. ಬೆಸುಗೆಗಳೆಲ್ಲ ಒಂದೇ ನೇರಕ್ಕೆ ಬರಬಾರದು.

ಒದ್ದೆ ಬಿದಿರು ಒಣಗಿದಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ. ಅಂದರೆ ಇವತ್ತು ಒತ್ತಾಗಿ ಕಾಣುವ ಸಾಲುಗಳ ನಡುವೆ ನಾಳಿದ್ದು ಬೆಳಕು ತೂರುತ್ತದೆ. ಕೊನೆಯ ಆರೇಳು ಸುತ್ತು ಉಳಿಸಿ, ಅಚ್ಚಿನ ಮೇಲೆಯೇ ನೆರಳಿನಲ್ಲಿ ಎರಡು ದಿನ ಒಣಗಲು ಬಿಡಿ. ಆಮೇಲೆ ಸಾಲುಗಳನ್ನು ತಳದ ಕಡೆಗೆ ಬೆರಳಲ್ಲಿ ಒತ್ತಿ ಕೂಡಿಸಿ, ಬಿಡುವಾದ ಜಾಗವನ್ನು ಹೊಸ ಸುತ್ತುಗಳಿಂದ ತುಂಬಿಸಿ. ಒಟ್ಟು ಐವತ್ತರ ಆಸುಪಾಸು ಸುತ್ತಾಗುತ್ತದೆ.

ಎರಡು ಮೇಲೆ ಎರಡು ಕೆಳಗೆ ಹೆಣೆದು ಓರೆ ಗೆರೆ ಬರಿಸುವ ಆಸೆ ಇದ್ದರೆ ಸ್ಪ್ರೆಡ್‌ಶೀಟಿನಲ್ಲಿ ಮೊದಲೇ ನೋಡಬಹುದು. 39 ಕಂಬಸಾಲು, 50 ಅಡ್ಡಸಾಲು, ಎರಡಕ್ಕೂ ಸೊನ್ನೆಯಿಂದ ಎಣಿಕೆ. ಪ್ರತಿ ಮನೆಯಲ್ಲಿ ಅಡ್ಡಸಾಲಿನ ಸಂಖ್ಯೆಯನ್ನು 39ರಿಂದ ಗುಣಿಸಿ, ಕಂಬಸಾಲಿನ ಸಂಖ್ಯೆ ಕೂಡಿಸಿ, 4ರಿಂದ ಭಾಗಿಸಿದ ಶೇಷ ಬರಲಿ. ಶೇಷ 0, 1 ಇದ್ದಲ್ಲಿ ಬಣ್ಣ ತುಂಬಿಸಿದರೆ ಓರೆ ಗೆರೆ ಕಣ್ಣೆದುರು ನಿಲ್ಲುತ್ತದೆ. ಬೆಸಸಂಖ್ಯೆ ಯಾವುದಾದರೂ ಈ ಹೆಣಿಗೆ ನಡೆಯುತ್ತದೆ. ನಿಲುಪಟ್ಟಿ 39 ಇದ್ದಾಗ ಗೆರೆ ಒಂದು ಕಡೆಗೆ ವಾಲಿದರೆ 33 ಅಥವಾ 45 ಇದ್ದಾಗ ಇನ್ನೊಂದು ಕಡೆಗೆ.

ಬಾಯಿಕಟ್ಟು

12 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಎರಡು ದಬ್ಬೆ, ಉದ್ದ 90 ಸೆ.ಮೀ.: ಸುತ್ತಳತೆ 82, ಉಳಿದದ್ದು ಜೋಡಣೆಗೆ. ರಾತ್ರಿ ನೆನೆಸಿ, 260 ವ್ಯಾಸದ ಪ್ಲೈ ಬಳೆಯೊಂದನ್ನು ಬೇರೆ ಕತ್ತರಿಸಿಕೊಂಡು ಅದಕ್ಕೆ ಸುತ್ತಿ ಕಟ್ಟಿ ಒಣಗಿಸಿ. ತುದಿಗಳನ್ನು 6–7 ಸೆ.ಮೀ. ಓರೆ ಕೆತ್ತಿ ಒಂದರ ಮೇಲೊಂದು ಕೂರಿಸಿ. ಅಚ್ಚಿನಿಂದ ಬುಟ್ಟಿ ಬಿಡಿಸಿಕೊಂಡು, ಒಂದು ದಬ್ಬೆ ಒಳಗೆ ಒಂದು ಹೊರಗೆ ಹಿಡಿದು, ನಿಲುಪಟ್ಟಿಗಳ ನಡುವಿನ ಪ್ರತಿ ಸಂದಿಯಲ್ಲೂ ನೆನೆಸಿದ ಬೆತ್ತದಲ್ಲಿ ಸುತ್ತಿ ಬಿಗಿಯಿರಿ. ಎರಡರ ಜೋಡಣೆ ಎದುರುಬದುರು ಬರಲಿ, ಒಂದೇ ಕಡೆ ಬಂದರೆ ಅಲ್ಲಿ ಬಾಯಿ ಚೂಪಾಗುತ್ತದೆ. ಹೆಚ್ಚುವರಿ ನಿಲುಪಟ್ಟಿಯನ್ನು ಕಟ್ಟಿದ ಮೇಲೆಯೇ ಕತ್ತರಿಸಬೇಕು. ಮೈಮೇಲಿನ ಸಿಬಿರನ್ನು ಬೆಂಕಿ ಆಡಿಸಿ ಸುಡುವ ರೂಢಿ ಇದೆ. ಈ ಬುಟ್ಟಿಯ ತಳದಲ್ಲಿ ಪ್ಲಾಸ್ಟಿಕ್ ಇರುವುದರಿಂದ ಉಪ್ಪುಕಾಗದವೇ ಕ್ಷೇಮ. ಬೋಲ್ಟಿನ ತೂತಿಗೆ ಬಿದಿರಿನ ಗೂಟ ಬಡಿದು ಸಮ ಮಾಡಿ.

ಹೆಣೆಯುವವರು ಬೇರೆಯವರಾದರೆ ಅವರ ಕೈಗೆ ಅಳತೆ ಬರೆದ ಕಾಗದ ಕೊಡುವುದರಿಂದ ಪ್ರಯೋಜನ ಕಡಿಮೆ. ಅಚ್ಚು, ಓರೆ ಹಲಗೆ, ಒಂದು ಮಾದರಿ ನಿಲುಪಟ್ಟಿ ಇಷ್ಟನ್ನು ಕೊಡಿ. ಮೊದಲ ಮೂರು ನಾಲ್ಕು ಬುಟ್ಟಿಗೆ ಕೂಲಿಯನ್ನು ದಿನದ ಲೆಕ್ಕದಲ್ಲೇ ಕೊಡುವುದು ನ್ಯಾಯ. ಗಾಡಿ ಬಿಗಿಯಾಯಿತು, ಬಳೆ ಎತ್ತರವಾಯಿತು ಎಂದು ಅವರು ಹೇಳುವ ಪ್ರತಿಯೊಂದು ತಿದ್ದುಪಡಿಯೂ ಫೈಲಿಗೆ ಹೋಗಬೇಕಾದದ್ದು, ಬುಟ್ಟಿ ಲೆಕ್ಕದ ಕೂಲಿಯಲ್ಲಿ ಅವರಿಗೆ ಅದನ್ನೆಲ್ಲ ಹೇಳುತ್ತಾ ಕೂರಲು ಪುರಸೊತ್ತಿರುವುದಿಲ್ಲ.

ಬಾಯಿಗಿಂತ ಹೊಟ್ಟೆ ದೊಡ್ಡದಾದ ಬುಟ್ಟಿಗೆ ಈ ಅಚ್ಚು ನಡೆಯದು, ಹೆಣಿಗೆ ಮುಗಿದ ಮೇಲೆ ಒಳಗೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ ನಡುವೆ ಒಂದು ಕಂಬ, ಸುತ್ತ ಏಳೆಂಟು ಹೋಳು ಎಂಬಂತೆ ಬಿಡಿಸಬಹುದಾದ ಅಚ್ಚು ಬೇಕು. ಕಂಬ ಎಳೆದರೆ ಹೋಳುಗಳು ಒಂದೊಂದಾಗಿ ಒಳಕ್ಕೆ ಬಿದ್ದು ಬಾಯಿಂದ ಹೊರಬರುವಂತೆ, ಪ್ರತಿ ಹೋಳಿನ ಅಗಲವೂ ಬಾಯಿಯ ವ್ಯಾಸಕ್ಕಿಂತ ಕಿರಿದಾಗಿರಲಿ. ಕೀಲಿಯಂತೆ ಮೊದಲು ಹೊರಬರುವ ಒಂದು ಹೋಳಿನ ಎರಡು ಮಗ್ಗುಲನ್ನು ಒಂದಕ್ಕೊಂದು ಸಮಾನಾಂತರವಾಗಿ ಇಡಿ. ತುಂಡು ಹೋಳಿಗೆಯ ಆಕಾರಕ್ಕೆ ಬಿಟ್ಟರೆ ಅದರ ಅಗಲ ಮಗ್ಗುಲು ಪಕ್ಕದವಕ್ಕೆ ಸಿಕ್ಕಿಕೊಂಡು ಮೊದಲ ಹೋಳೇ ಕದಲುವುದಿಲ್ಲ.